ವರ್ಣಶಿಲ್ಪಿ ವೆಂಕಟಪ್ಪನವರು: ನೋಡಲು ಕಲಿಸುವ ಒಂದು ಪಾಠ

1. ಪೀಠಿಕೆ

ಶಾಲೆಯ ವೇಳಾಪತ್ರಿಕೆಯಲ್ಲಿ ಚಿತ್ರಕಲೆಗೆ ವಾರಕ್ಕೆ ಒಂದೋ ಎರಡೋ ತಾಸುಗಳು ಮೀಸಲಾಗಿರುತ್ತವೆ. ಪರೀಕ್ಷೆಯು ಹತ್ತಿರ ಬಂದಿತೆಂದರೆ, ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡಬೇಕಾದ ತಾಸು ಯಾವುದೆಂಬ ವಿಷಯದಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ, ಹೊಸ್ತಿಲ ಮುಂದೆ ಅಂದವಾದ ರಂಗೋಲಿಯನ್ನು ಹಾಕಲು ಬಂದರೆ ಸಾಕು, ಅದಕ್ಕಿಂತ ಹೆಚ್ಚಿನ ಚಿತ್ರವಿದ್ಯೆಯಿಂದ ಆಗತಕ್ಕ ಪ್ರಯೋಜನವೇನೆಂದು ಕೇಳುವ ಹಿರಿಯರು ಬಹಳ ಮಂದಿ. ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡದೆ, ಚಿತ್ರಕಲೆಯ ತಾಸನ್ನು ಉಳಿಸಿಕೊಡಿರೆಂದು ಬೇಡುವುದು ಮಾತ್ರ ಸರಿಯಲ್ಲ.

ಆ ಉತ್ತರವನ್ನು ಕನ್ನಡ ನಾಡಿನ ಒಬ್ಬ ಹಿರಿಯ ಚಿತ್ರಕಾರರ ಜೀವನದಿಂದಲೇ ಆರಿಸಿ, ಮಾಜಿ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ. ಆ ಚಿತ್ರಕಾರರೇ 'ವರ್ಣಶಿಲ್ಪಿ' ಎಂದು ಹೆಸರಾದ ಶ್ರೀ ಕೆ. ವೆಂಕಟಪ್ಪನವರು. ಅವರ ಹೆಸರಿನಲ್ಲಿ ಕರ್ನಾಟಕ ಸರಕಾರವು ಚಿತ್ರಕಲಾವಿದರಿಗೆ ಪ್ರಶಸ್ತಿಯನ್ನು ಕೊಡುತ್ತದೆ. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಇಷ್ಟಾದರೂ ಅರಭಾವಿ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ನಮ್ಮ ಮಕ್ಕಳಲ್ಲಿ ಅವರ ಒಂದಾದರೂ ಚಿತ್ರವನ್ನು ಕಂಡವರು ಬೆರಳೆಣಿಕೆಯಷ್ಟು ಸಿಕ್ಕಿದರೆ ಹೆಚ್ಚು.

2. ತಿಳಿದುದರಿಂದ ತಿಳಿಯದುದರ ಕಡೆಗೆ

ಮಕ್ಕಳಿಗೆ ಯಾವ ವಿಷಯವನ್ನಾದರೂ ಕಲಿಸುವಾಗ, ಅವರಿಗೆ ತಿಳಿದುದರಿಂದ ಮೊದಲು ಮಾಡಿ ತಿಳಿಯದುದರ ಕಡೆಗೆ ನಡೆಯಿಸಬೇಕೆಂಬುದು ಶಿಕ್ಷಣದ ಹಳೆಯ ಸೂತ್ರ. ನಮ್ಮ ಭಾಗದ ಮಗುವಿಗೆ ಚಿತ್ರಕಾರನೆಂದರೆ ಯಾರೆಂಬುದನ್ನು ತಿಳಿಸಲು ಮೈಸೂರಿನಿಂದ ಆರಂಭಿಸಬೇಕಾದ ಅಗತ್ಯವಿಲ್ಲ. ಗೋಕಾಕದ ಬಣ್ಣದ ಗೊಂಬೆಗಳು ಎಲ್ಲರ ಮನೆಯಲ್ಲಿಯೂ ಇವೆ. ಹಗುರವಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಮಾವು, ಬಾಳೆ, ನಿಂಬೆಗಳನ್ನು ತಟ್ಟೆಯಲ್ಲಿಟ್ಟರೆ ಮನೆಗೆ ಬಂದ ನೆಂಟರು ಕೈಚಾಚುವುದುಂಟು. ಕಟ್ಟಿಗೆಯ ಬಾಳೆಯ ಹಣ್ಣು ನಿಜವಾದ ಹಣ್ಣಿನಂತೆ ತೋರಬೇಕಾದರೆ, ತೊಟ್ಟಿನ ಬಳಿಯಲ್ಲಿ ಹಸಿರು ಎಲ್ಲಿ ನಿಲ್ಲುತ್ತದೆ, ಹಳದಿ ಎಲ್ಲಿ ಮೊದಲಾಗುತ್ತದೆ, ತುದಿಯ ಕಪ್ಪು ಎಷ್ಟಗಲವಿದೆ ಎಂಬುದನ್ನು ಗೊಂಬೆಯನ್ನು ಮಾಡುವವನು ಮೊದಲು ಕಣ್ಣಿನಿಂದ ಅಳೆದಿರಬೇಕು. ಕೈಯ ಕೆಲಸಕ್ಕೆ ಮುಂಚೆ ಕಣ್ಣಿನ ಕೆಲಸವುಂಟು ಎಂಬ ಮೊದಲನೆಯ ಪಾಠವು ಹೀಗೆ ಮನೆಯ ಕಪಾಟಿನಲ್ಲಿಯೇ ದೊರೆಯುತ್ತದೆ.

ಈ ಗೊಂಬೆಯ ಕಲೆಯು ತಂದೆಯಿಂದ ಮಗನಿಗೆ ಬಂದ ಕುಲವಿದ್ಯೆ. ವೆಂಕಟಪ್ಪನವರಿಗೂ ಚಿತ್ರವಿದ್ಯೆಯು ಬಂದುದು ಹಾಗೆಯೇ.

3. ಜನನ ಮತ್ತು ವಿದ್ಯಾಭ್ಯಾಸ

ವೆಂಕಟಪ್ಪನವರು 1886 ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರ ಮನೆತನವು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಳಲ್ಲಿ ಕಾಣುವ ಕೂದಲೆಳೆಯಂಥ ಗೆರೆ, ಚಿನ್ನದ ರೇಕಿನ ಸೂಕ್ಷ್ಮವಾದ ಕೆಲಸ, ಆಭರಣದ ಒಂದೊಂದು ಮಣಿಯನ್ನೂ ಬಿಡದೆ ಬರೆಯುವ ತಾಳ್ಮೆ, ಇವುಗಳ ನಡುವೆ ಆ ಬಾಲಕನು ಬೆಳೆದನು. ಆತನ ಕೈಚಳಕವು ನಾಲ್ವಡಿ ಕೃಷ್ಣರಾಜ ಒಡೆಯರವರ ಗಮನಕ್ಕೆ ಬಂದಿತು. ಗುಣವನ್ನರಿತ ಆ ಅರಸರು ತರುಣನಿಗೆ ಆಶ್ರಯವನ್ನಿತ್ತು, 1909 ರಲ್ಲಿ ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಕಲಕತ್ತೆಯ ಸರಕಾರಿ ಕಲಾಶಾಲೆಗೆ ಕಳುಹಿಸಿದರು.

ಆಗ ಕಲಕತ್ತೆಯಲ್ಲಿ ಭಾರತೀಯ ಚಿತ್ರಕಲೆಯು ಹೊಸದೊಂದು ಹಾದಿಯನ್ನು ಹಿಡಿದಿತ್ತು. ಆ ಹಾದಿಯನ್ನು ಮಕ್ಕಳಿಗೆ ತಿಳಿಸುವುದಕ್ಕೂ ಮನೆಯಲ್ಲಿಯೇ ಒಂದು ಸಾಧನವಿದೆ. ನಮ್ಮ ಹಿರಿಯರ ಮನೆಗಳ ಗೋಡೆಯ ಮೇಲಿದ್ದ ಲಕ್ಷ್ಮಿ ಸರಸ್ವತಿಯರ ಪಟಗಳು ಬಹುಮಟ್ಟಿಗೆ ರಾಜಾ ರವಿವರ್ಮನ (1848-1906) ಚಿತ್ರಗಳಿಂದ ಬಂದವು. ರವಿವರ್ಮನು 1894 ರಲ್ಲಿ ಮುಂಬಯಿಯ ಬಳಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದುದರಿಂದ, ಅರಮನೆಯಲ್ಲಿ ಮಾತ್ರ ಇರಬಹುದಾಗಿದ್ದ ಚಿತ್ರವು ಬಡವನ ಗುಡಿಸಲಿಗೂ ಬಂದಿತು. ಆತನು ಯುರೋಪಿನ ತೈಲಚಿತ್ರದ ಪದ್ಧತಿಯಿಂದ ನಮ್ಮ ಪುರಾಣಗಳನ್ನು ಬರೆದನು. ಕಲಕತ್ತೆಯ ಕಲಾಶಾಲೆಯ ಮುಖ್ಯಾಧಿಕಾರಿಗಳಾಗಿದ್ದ ಹ್ಯಾವೆಲ್ ಸಾಹೇಬರೂ, ಅಲ್ಲಿಯ ಅವನೀಂದ್ರನಾಥ ಠಾಕೂರರೂ ಬೇರೊಂದು ಮಾತನ್ನು ಹೇಳಿದರು: ಭಾರತದ ಚಿತ್ರಕಾರನು ಅಜಂತೆಯ ಗುಹೆಗಳಿಂದಲೂ, ಮೊಗಲರ ಮತ್ತು ರಜಪೂತರ ಕಿರುಚಿತ್ರಗಳಿಂದಲೂ ಕಲಿಯಬೇಕಾದುದು ಬಹಳವಿದೆ ಎಂದು. ಇಬ್ಬರಲ್ಲಿ ಯಾರು ಸರಿ ಎಂದು ಮಕ್ಕಳ ಮುಂದೆ ತೀರ್ಪು ಹೇಳುವುದು ಬೇಡ. ಒಂದೇ ಕಥೆಯನ್ನು ಎರಡು ಕಣ್ಣುಗಳು ಹೇಗೆ ಕಂಡವೆಂದು ತೋರಿಸಿದರೆ ಸಾಕು.

ಅವನೀಂದ್ರನಾಥರ ಶಿಷ್ಯರಲ್ಲಿ ನಂದಲಾಲ ಬೋಸರೂ ವೆಂಕಟಪ್ಪನವರೂ ಮುಂದಿನ ಸಾಲಿನವರು. ಭಗಿನಿ ನಿವೇದಿತಾ ಅವರು ಆರಂಭಿಸಿ ಆನಂದ ಕುಮಾರಸ್ವಾಮಿಯವರು ಪೂರ್ತಿಗೊಳಿಸಿದ, ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ದೊಡ್ಡ ಇಂಗ್ಲಿಷ್ ಗ್ರಂಥವು 1913 ರಲ್ಲಿ ಪ್ರಕಟವಾದಾಗ, ಅದರಲ್ಲಿ ವೆಂಕಟಪ್ಪನವರು ಬರೆದ ರಾಮಾಯಣದ ಚಿತ್ರಗಳಿದ್ದವು. ಮೂವತ್ತು ವರುಷ ತುಂಬುವ ಮುಂಚೆಯೇ ಮೈಸೂರಿನ ಈ ತರುಣನ ಕೆಲಸವು ಸಮುದ್ರವನ್ನು ದಾಟಿ ಹೋಯಿತು.

4. ಬೇವಿನ ಎಲೆ, ಎಳ್ಳಿನ ಹೂವು

ಆ ಕಾಲದ ಇನ್ನೊಂದು ಕೆಲಸವು ಮಕ್ಕಳಿಗೆ ಬಹಳ ಹಿಡಿಸತಕ್ಕದ್ದು. ಭಾರತೀಯ ಶಿಲ್ಪಶಾಸ್ತ್ರದಲ್ಲಿ ಮನುಷ್ಯನ ಅವಯವಗಳನ್ನು ಹೇಗೆ ರೂಪಿಸಬೇಕೆಂದು ಹೇಳಿದೆಯೋ, ಅದನ್ನು ವಿವರಿಸಿ ಅವನೀಂದ್ರನಾಥರು ಒಂದು ಚಿಕ್ಕ ಪುಸ್ತಕವನ್ನು ಬರೆದರು. ಅದರ ಇಂಗ್ಲಿಷ್ ರೂಪವು 1914 ರಲ್ಲಿ ಹೊರಬಂದಿತು. ಅದಕ್ಕೆ ಬೇಕಾದ ರೇಖಾಚಿತ್ರಗಳನ್ನು ಸಿದ್ಧಪಡಿಸಿದವರು ನಂದಲಾಲರು ಮತ್ತು ವೆಂಕಟಪ್ಪನವರು. ಹುಬ್ಬಿಗೆ ಬೇವಿನ ಎಲೆ, ಮೂಗಿಗೆ ಎಳ್ಳಿನ ಹೂವು, ಗದ್ದಕ್ಕೆ ಮಾವಿನ ಓಟೆ, ಕೊರಳಿಗೆ ಶಂಖ, ಮುಂಗೈಗೆ ಎಳೆಯ ಬಾಳೆಯ ಗಿಡ, ಮೊಣಕಾಲಿಗೆ ಏಡಿಯ ಚಿಪ್ಪು, ಕಣ್ಣಿಗೆ ಮೀನು ಅಥವಾ ಜಿಂಕೆಯ ನೋಟ, ಹೀಗೆ ಒಂದೊಂದು ಅವಯವಕ್ಕೂ ಪ್ರಕೃತಿಯಲ್ಲಿನ ಒಂದೊಂದು ಆಕಾರವನ್ನು ಅಲ್ಲಿ ಹೋಲಿಸಿ ತೋರಿಸಿದೆ.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಪಟ್ಟಿಯಲ್ಲಿ ಶಂಖವೊಂದನ್ನು ಬಿಟ್ಟರೆ, ಅರಭಾವಿಯ ಮಗುವಿಗೆ ದೊರೆಯದ ವಸ್ತು ಯಾವುದು? ಬೇವಿನ ಗಿಡವು ಶಾಲೆಯ ಅಂಗಳದಲ್ಲಿಯೇ ಇದೆ. ಎಳ್ಳಿನ ಹೂವು ಹೊಲದಲ್ಲಿದೆ. ಬಾಳೆಯ ಗಿಡವು ತೋಟದಲ್ಲಿದೆ, ಏಡಿಯು ಹಳ್ಳದಲ್ಲಿದೆ, ಮಾವಿನ ಓಟೆಯು ಬೇಸಗೆಯಲ್ಲಿ ತಿಪ್ಪೆಯ ಮೇಲೆ ಬಿದ್ದಿರುತ್ತದೆ. ಕಲೆಯ ಶಾಸ್ತ್ರವೆಂದರೆ ದೂರದ ಪಟ್ಟಣದ ಸೊತ್ತೆಂದು ನಂಬಿದ ಮಗುವಿನ ಕೈಯಲ್ಲಿ ಒಂದು ಬೇವಿನ ಎಲೆಯನ್ನು ಕೊಟ್ಟು, ಪಕ್ಕದಲ್ಲಿ ಕುಳಿತ ಗೆಳತಿಯ ಹುಬ್ಬನ್ನು ನೋಡೆಂದು ಹೇಳಿದರೆ, ಆ ಮಗುವು ಅಂದಿನಿಂದ ಬೇವಿನ ಗಿಡವನ್ನೂ ಗೆಳತಿಯನ್ನೂ ಬೇರೆ ಬಗೆಯಾಗಿ ನೋಡುವುದು. ಇನ್ನೊಂದು ಮಾತನ್ನೂ ಹೇಳಬೇಕು. ಈ ನಿಯಮಗಳು ಚಿತ್ರಕಾರನ ಕೈಗೆ ಹಾಕಿದ ಕೋಳವಲ್ಲ, ದಾರಿಯನ್ನು ತೋರಿಸುವ ದೀಪವೆಂಬ ಅರ್ಥದ ಎಚ್ಚರಿಕೆಯನ್ನು ಅವನೀಂದ್ರನಾಥರು ಪುಸ್ತಕದಲ್ಲಿಯೇ ಕೊಟ್ಟಿದ್ದಾರೆ.

5. ನೀಲಗಿರಿಯ ಮಂಜು

ಕಲಕತ್ತೆಯ ವಿದ್ಯಾಭ್ಯಾಸವನ್ನು ಮುಗಿಸಿ ವೆಂಕಟಪ್ಪನವರು ಮೈಸೂರಿಗೆ ಹಿಂದಿರುಗಿದರು. ದಂತದ ಮೇಲೆ ಕಿರುಚಿತ್ರಗಳನ್ನು ಬರೆದರು; ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ರಚಿಸಿದರು. ಆದರೂ ಅವರ ಹೆಸರನ್ನು ಚಿರವಾಗಿ ಉಳಿಸಿದವುಗಳು ಊಟಿ ಮತ್ತು ಕೊಡೈಕನಾಲಿನ ಜಲವರ್ಣ ಚಿತ್ರಗಳು. 1920 ರಿಂದ 1940 ರ ನಡುವಿನ ವರುಷಗಳಲ್ಲಿ ಅವರು ಆ ಗಿರಿಪ್ರದೇಶಗಳಿಗೆ ಹೋಗಿ, ಬೆಳಗಿನ ಮಂಜನ್ನೂ, ಬೆಳುದಿಂಗಳ ಬೆಟ್ಟವನ್ನೂ, ಒಡೆಯುತ್ತಿರುವ ಮಳೆಯ ಮೋಡವನ್ನೂ, ಸರೋವರದ ನಿಶ್ಚಲವಾದ ನೀರನ್ನೂ ಕಾಗದದ ಮೇಲೆ ತಂದರು.

ಜಲವರ್ಣದ ಕಷ್ಟವೇನೆಂಬುದನ್ನು ಬಲ್ಲವರಿಗೆ ಈ ಚಿತ್ರಗಳ ಬೆಲೆ ತಿಳಿಯುತ್ತದೆ. ತೈಲವರ್ಣದಲ್ಲಿ ತಪ್ಪಿದ ಬಣ್ಣದ ಮೇಲೆ ಮತ್ತೊಂದು ಬಣ್ಣವನ್ನು ಬಳಿದು ತಪ್ಪನ್ನು ಮುಚ್ಚಬಹುದು. ಜಲವರ್ಣದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಅದರ ಬಣ್ಣವು ತಿಳಿಯಾದುದರಿಂದ ಕೆಳಗಿನ ಗೆರೆಯೆಲ್ಲ ಮೇಲೆ ತೋರುತ್ತದೆ. ಬೆಳಕೆಂಬುದಕ್ಕೆ ಅಲ್ಲಿ ಬೇರೆ ಬಣ್ಣವಿಲ್ಲ. ಬಣ್ಣವನ್ನು ಹಚ್ಚದೆ ಬಿಟ್ಟ ಕಾಗದದ ಬಿಳುಪೇ ಬೆಳಕು. ಆದುದರಿಂದ ಎಲ್ಲಿ ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ ಹಚ್ಚಬಾರದು ಎಂಬುದನ್ನು ಚಿತ್ರಕಾರನು ಮೊದಲೇ ನಿಶ್ಚಯಿಸಿರಬೇಕು. ಕುಂಚವನ್ನು ನೀರಿನಲ್ಲಿ ಅದ್ದುವ ಮುಂಚೆಯೇ ಚಿತ್ರದ ಬಹುಭಾಗವು ಮನಸ್ಸಿನಲ್ಲಿ ಮುಗಿದಿರಬೇಕು.

ಈಗ ನಮ್ಮ ಮಕ್ಕಳ ಚಿತ್ರಗಳನ್ನು ನೋಡೋಣ. ಯಾವ ಊರಿನ ಯಾವ ಮಗುವಿಗೆ ನದಿಯನ್ನು ಬರೆಯೆಂದರೂ ನೀರು ನೀಲಿ, ಬೆಟ್ಟ ಹಸಿರು, ಎರಡು ಬೆಟ್ಟಗಳ ನಡುವೆ ಅರ್ಧ ಮೇಲೆದ್ದ ಸೂರ್ಯ. ನಮ್ಮ ಘಟಪ್ರಭೆಯು ಆಷಾಢದಲ್ಲಿ ಹೇಗಿರುತ್ತದೆ? ಗೋಕಾಕದ ಫಾಲ್ಸಿನಲ್ಲಿ ಸುಮಾರು 170 ಅಡಿಗಳ ಎತ್ತರದಿಂದ ಧುಮುಕುವ ಹೊಳೆಯು ಕೆಮ್ಮಣ್ಣಿನ ಬಣ್ಣದ್ದಾಗಿರುತ್ತದೆ. ಕೆಳಗಿನಿಂದೇಳುವ ತುಂತುರು ಬೆಳ್ಳಗಿರುತ್ತದೆ. ಬೇಸಗೆಯಲ್ಲಿ ಅದೇ ಬಂಡೆಯು ಬರಿದಾಗಿ, ಅಲ್ಲಲ್ಲಿ ನಿಂತ ನೀರು ಹಸಿರಾಗಿ ತೋರುತ್ತದೆ. ಇದನ್ನೆಲ್ಲ ಕಣ್ಣಾರೆ ಕಂಡ ಮಗುವೂ ಕಾಗದದ ಮುಂದೆ ಕುಳಿತೊಡನೆ ನೀಲಿಯ ಬಣ್ಣಕ್ಕೇ ಕೈಹಾಕುತ್ತದೆ. ಇದು ಮಗುವಿನ ದಡ್ಡತನವಲ್ಲ. ನೀರು ನೀಲಿಯೆಂದು ಯಾರೋ ಹೇಳಿದ ಮಾತು ಅದರ ಕಣ್ಣಿಗೆ ಅಡ್ಡವಾಗಿ ನಿಂತಿದೆ.

ಚಿತ್ರಕಲೆಯಿಂದಾಗುವ ಪ್ರಯೋಜನವೇನೆಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ದೊರೆಯುತ್ತದೆ. ಹೇಳಿಕೆಯ ಮಾತನ್ನು ಬದಿಗಿಟ್ಟು, ಇದ್ದುದನ್ನು ಇದ್ದಂತೆ ಕಂಡು, ಕಂಡುದನ್ನು ಮಾತ್ರ ಬರೆಯುವ ಶೀಲವನ್ನು ಅದು ಕಲಿಸುತ್ತದೆ. ಈ ಶೀಲವು ಚಿತ್ರಪುಸ್ತಕದೊಳಗೆ ನಿಲ್ಲತಕ್ಕದ್ದಲ್ಲ. ನೆರೆಯವಳ ವಿಷಯದಲ್ಲಿ ಊರೆಲ್ಲ ಆಡುವ ಮಾತನ್ನು ನಂಬುವ ಮುಂಚೆ, ನಾನು ಇದನ್ನು ಕಂಡೆನೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಹೆಣ್ಣುಮಗಳು ಯಾವ ಮನೆಗಾದರೂ ಭೂಷಣವೇ ಸರಿ.

6. ವೀಣೆಯ ಹುಚ್ಚು

ವೆಂಕಟಪ್ಪನವರ ಜೀವನದಲ್ಲಿ ಕುತೂಹಲಕರವಾದ ಒಂದು ಅಧ್ಯಾಯವುಂಟು. ಚಿತ್ರಕಾರರೆಂದು ಹೆಸರಾದ ಮೇಲೆ ಅವರಿಗೆ ವೀಣೆಯ ವ್ಯಾಮೋಹವು ಹಿಡಿಯಿತು. ಮೈಸೂರಿನ ಪ್ರಸಿದ್ಧ ವೈಣಿಕರಾದ ವೀಣೆ ಶೇಷಣ್ಣನವರ (1852-1926) ಬಳಿ ಅವರು ಶಿಷ್ಯರಾಗಿ ಕುಳಿತು, ಕುಂಚವನ್ನು ಕೆಳಗಿಟ್ಟು ವೀಣೆಯ ಸಾಧನೆಯಲ್ಲಿ ತೊಡಗಿದರು. ಕೊನೆಗೆ ತಮ್ಮ ಈ ಅವಸ್ಥೆಯನ್ನೇ ವಸ್ತುವನ್ನಾಗಿ ಮಾಡಿಕೊಂಡು ಒಂದು ಚಿತ್ರವನ್ನು ಬರೆದರು. ವೀಣೆಯ ಹುಚ್ಚು ಹಿಡಿದವನೆಂಬ ಅರ್ಥದ ಹೆಸರನ್ನು ಅದಕ್ಕಿಟ್ಟರು. ತನ್ನ ವ್ಯಾಮೋಹವನ್ನು ತಾನೇ ದೂರ ನಿಂತು ನೋಡಿ, ಅದನ್ನು ನಾಲ್ಕು ಜನರ ಮುಂದಿಡುವುದು ಸಾಮಾನ್ಯ ಮನಸ್ಸಿನಿಂದಾಗುವ ಕೆಲಸವಲ್ಲ.

ಅವರು ವಿವಾಹವಾಗಲಿಲ್ಲ. ಕಟ್ಟುನಿಟ್ಟಾದ ಏಕಾಂತ ಜೀವನವನ್ನು ನಡೆಯಿಸಿದರು. 1940 ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಕಾಲವಾದ ಬಳಿಕ ಮೈಸೂರನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿ, 1965 ರಲ್ಲಿ ತೀರಿಕೊಂಡರು. ಅವರ ಕೃತಿಗಳು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರಕಾರವು ಅವರ ಹೆಸರಿನಿಂದ ಕಟ್ಟಿಸಿದ ಚಿತ್ರಶಾಲೆಯಲ್ಲಿವೆ.

ಮಕ್ಕಳ ಮುಂದೆ ಮಹಾಪುರುಷರ ಚರಿತ್ರೆಯನ್ನು ಇಡುವಾಗ ಎಲ್ಲವನ್ನೂ ಅನುಕರಿಸಿರೆಂದು ಹೇಳುವುದು ವಾಡಿಕೆ. ಇಲ್ಲಿ ವಿವೇಚನೆಯು ಬೇಕು. ಅವರ ಸಹಪಾಠಿಗಳಾದ ನಂದಲಾಲರು 1922 ರಲ್ಲಿ ಶಾಂತಿನಿಕೇತನದ ಕಲಾಭವನದ ಹಿರಿತನವನ್ನು ವಹಿಸಿ, ದೊಡ್ಡದೊಂದು ಶಿಷ್ಯಸಮುದಾಯವನ್ನು ಬೆಳೆಸಿದರು. ವೆಂಕಟಪ್ಪನವರ ಹಿಂದೆ ಅಂಥ ಪರಂಪರೆಯು ಬೆಳೆಯಲಿಲ್ಲ. ಅವರ ಏಕಾಗ್ರತೆಯನ್ನು ಮಕ್ಕಳು ಕಲಿಯಲಿ. ಆದರೆ ಕಲೆಗಾಗಿ ಮನೆಮಾರು ನೆಂಟರಿಷ್ಟರನ್ನೆಲ್ಲ ಬಿಡಲೇಬೇಕೆಂದು ತಿಳಿಯಬಾರದು. ಈ ಮಾತಿಗೆ ಆಧಾರವು ಅವರ ಗುರುಗಳ ಮನೆಯಲ್ಲಿಯೇ ಇದೆ.

7. ಗುರುಗಳ ತಂಗಿ

ಅವನೀಂದ್ರನಾಥರಿಗೆ ಸುನಯನಿ ದೇವಿ (1875-1962) ಎಂಬ ತಂಗಿಯಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿಯೇ ಆಕೆಯ ವಿವಾಹವಾಯಿತು. ಅಣ್ಣಂದಿರು ಚಿತ್ರಗಳನ್ನು ಬರೆಯುತ್ತಿದ್ದುದನ್ನು ಕಾಣುತ್ತ ಬೆಳೆದ ಆಕೆಗೆ ಕಲಾಶಾಲೆಯ ಬಾಗಿಲು ತೆರೆದಿರಲಿಲ್ಲ. ಸಂಸಾರವನ್ನು ನಡೆಯಿಸುತ್ತ, ಮಕ್ಕಳನ್ನು ಸಾಕುತ್ತ, ಸುಮಾರು ಮೂವತ್ತನೆಯ ವಯಸ್ಸಿನಲ್ಲಿ ತಾನಾಗಿಯೇ ಕುಂಚವನ್ನು ಕೈಗೆ ತೆಗೆದುಕೊಂಡಳು. ಬಂಗಾಲದ ಹಳ್ಳಿಯ ಪಟಗಳನ್ನೂ ಮಣ್ಣಿನ ಗೊಂಬೆಗಳನ್ನೂ ನೆನಪಿಸುವ ಸರಳವಾದ ರೂಪಗಳನ್ನು ಬರೆದಳು. 1922 ರಲ್ಲಿ ಕಲಕತ್ತೆಯಲ್ಲಿ ಜರ್ಮನಿಯ ಹೊಸ ಕಲಾವಿದರ ಕೃತಿಗಳೊಡನೆ ನಮ್ಮವರ ಚಿತ್ರಗಳನ್ನೂ ಇಟ್ಟು ಒಂದು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದಾಗ, ಆಕೆಯ ಚಿತ್ರಗಳೂ ಅಲ್ಲಿದ್ದವು.

ಮೈಸೂರಿನ ಚಿತ್ರಕಾರರ ಪಾಠದಲ್ಲಿ ಬಂಗಾಲದ ಈ ಗೃಹಿಣಿಯನ್ನು ಏಕೆ ತಂದೆವೆಂದರೆ, ನಮ್ಮ ಮಾಜಿ ವಿದ್ಯಾರ್ಥಿನಿಯರಲ್ಲಿ ಅನೇಕರು ಆಕೆಯ ಸ್ಥಿತಿಯಲ್ಲಿಯೇ ಇರುತ್ತಾರೆ. ಶಾಲೆಯಲ್ಲಿ ಚಿತ್ರಕ್ಕೆ ಬಹುಮಾನವನ್ನು ಪಡೆದವಳು ಮದುವೆಯಾದ ಮೇಲೆ ಬಣ್ಣದ ಡಬ್ಬಿಯನ್ನು ಅಟ್ಟದ ಮೇಲಿಟ್ಟುಬಿಡುತ್ತಾಳೆ. ಇನ್ನು ತನ್ನ ಕಾಲವು ಮುಗಿಯಿತೆಂದು ಆಕೆ ನಂಬುತ್ತಾಳೆ. ಮುಗಿದಿಲ್ಲವೆಂಬುದಕ್ಕೆ ಸುನಯನಿ ದೇವಿಯೇ ಸಾಕ್ಷಿ.

8. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಎಂಟರಿಂದ ಹದಿನಾಲ್ಕು ವರುಷಗಳ ಮಕ್ಕಳಿಗೆ ಈ ಪಾಠವನ್ನು ಕಲಿಸಲು ಬಯಸುವ ತಾಯಂದಿರು ಕೆಳಗಿನ ಅಭ್ಯಾಸಗಳನ್ನು ಒಂದೊಂದು ವಾರಕ್ಕೆ ಒಂದರಂತೆ ಮಾಡಿಸಬಹುದು.

(1) ಗೋಕಾಕದ ಕಟ್ಟಿಗೆಯ ಬಾಳೆಯ ಹಣ್ಣನ್ನೂ ನಿಜವಾದ ಹಣ್ಣನ್ನೂ ಪಕ್ಕದಲ್ಲಿಟ್ಟು, ಎರಡರಲ್ಲಿ ಕಾಣುವ ಬಣ್ಣಗಳನ್ನು ಎಣಿಸಬೇಕು. ಗೊಂಬೆಯವನು ಯಾವ ಬಣ್ಣವನ್ನು ಇಟ್ಟುಕೊಂಡನು, ಯಾವುದನ್ನು ಬಿಟ್ಟನು ಎಂದು ಹೇಳಬೇಕು.

(2) ಒಂದು ಬೇವಿನ ಎಲೆಯನ್ನು ಐದು ನಿಮಿಷ ಸುಮ್ಮನೆ ನೋಡಬೇಕು. ಆಮೇಲೆ ಅದನ್ನು ಮುಚ್ಚಿಟ್ಟು ನೆನಪಿನಿಂದ ಬರೆಯಬೇಕು. ಕೊನೆಗೆ ತೆಗೆದು ಹೋಲಿಸಬೇಕು. ಅಳಿಸುವ ರಬ್ಬರನ್ನು ಕೊಡಬಾರದು.

(3) ಹೊಳೆಯನ್ನೋ ಕಾಲುವೆಯನ್ನೋ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ, ನೀರಿನ ಬಣ್ಣವನ್ನು ಮೂರು ಚೌಕಗಳಲ್ಲಿ ತುಂಬಬೇಕು. ನೀಲಿ ಕಂಡರೆ ಮಾತ್ರ ನೀಲಿ. ಹಿರಿಯರೊಬ್ಬರು ಜೊತೆಯಲ್ಲಿರಲೇಬೇಕು.

(4) ವೆಂಕಟಪ್ಪನವರ ಒಂದು ಚಿತ್ರವನ್ನು ಪುಸ್ತಕದಲ್ಲಿಯೋ ಮೊಬೈಲ್ ಫೋನಿನಲ್ಲಿಯೋ ತೋರಿಸಿ, ಚೆನ್ನಾಗಿದೆಯೇ ಎಂದು ಕೇಳದೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಬಣ್ಣ ಹಚ್ಚದೆ ಬಿಟ್ಟ ಸ್ಥಳವೆಲ್ಲಿ, ಇದು ದಿನದ ಯಾವ ಹೊತ್ತು ಎಂದು ಕೇಳಬೇಕು.

ಇಷ್ಟಾದ ಮೇಲೆ ಅನುಕೂಲವುಳ್ಳವರು ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದು ಮೂಲ ಚಿತ್ರಗಳನ್ನು ತೋರಿಸತಕ್ಕದ್ದು. ಘಟಪ್ರಭಾ ನಿಲ್ದಾಣದಿಂದ ಅದು ಒಂದು ರಾತ್ರಿಯ ರೈಲು ಪ್ರಯಾಣ. ಚಿತ್ರಶಾಲೆಯು ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅಚ್ಚಿನಲ್ಲಿ ಕಂಡ ಚಿತ್ರಕ್ಕೂ, ಕಾಗದದ ಒರಟೂ ಬಣ್ಣದ ತಿಳಿಯೂ ಕಾಣುವ ಮೂಲಕ್ಕೂ ಇರುವ ಅಂತರವನ್ನು ಒಮ್ಮೆ ಕಂಡ ಮಗುವು ಮರೆಯಲಾರದು.

9. ತಾಯಿತಂದೆಗಳಲ್ಲಿ ಬಿನ್ನಹ

ಚಿತ್ರ ಬರೆಯುವ ಮಕ್ಕಳೆಲ್ಲ ವೆಂಕಟಪ್ಪನವರಾಗಲಾರರು, ಆಗಬೇಕಾದುದೂ ಇಲ್ಲ. ಲೆಕ್ಕ ಮಾಡುವ ಮಕ್ಕಳೆಲ್ಲ ಗಣಿತಶಾಸ್ತ್ರಜ್ಞರಾಗುವುದಿಲ್ಲವಷ್ಟೆ! ಆದರೆ ನಿಜವಾದ ಒಲವುಳ್ಳ ಮಗುವು ಮನೆಯಲ್ಲಿದ್ದರೆ ಅದರ ದಾರಿಯನ್ನು ಮುಚ್ಚಬಾರದು. ನಮ್ಮ ಉತ್ತರ ಕರ್ನಾಟಕದಲ್ಲಿಯೇ ಧಾರವಾಡದ ಡಿ. ವ್ಹಿ. ಹಾಲಭಾವಿಯವರೂ ಗದಗಿನ ಟಿ. ಪಿ. ಅಕ್ಕಿಯವರೂ ಕಲಾಶಾಲೆಗಳನ್ನು ಕಟ್ಟಿ, ಹಳ್ಳಿಗಳಿಂದ ಬಂದ ಎಷ್ಟೋ ತರುಣರ ಕೈಗೆ ವಿದ್ಯೆಯನ್ನು ಕೊಟ್ಟರು. ಚಿತ್ರಕಲೆಯು ಅನ್ನವನ್ನು ಕೊಡಲಾರದೆಂಬುದು ಪೂರ್ತಿ ನಿಜವಾದ ಮಾತಲ್ಲ.

ಮೈಸೂರಿನ ಆ ತರುಣನಲ್ಲಿದ್ದ ಗುಣವನ್ನು ಕಂಡು, ವೆಚ್ಚವನ್ನು ವಹಿಸಿ, ದೂರದ ಕಲಕತ್ತೆಗೆ ಕಳುಹಿಸಲು ಒಬ್ಬ ಅರಸರಿದ್ದರು. ಅವರು ಕಣ್ಣು ತೆರೆದು ನೋಡದಿದ್ದರೆ, ಊಟಿಯ ಮಂಜು ಇಂದಿಗೂ ಊಟಿಯಲ್ಲಿಯೇ ಇರುತ್ತಿತ್ತು. ಕಾಗದದ ಮೇಲೆ ಬರುತ್ತಿರಲಿಲ್ಲ. ಅರಭಾವಿಯ ಹುಡುಗಿಗೆ ಅರಸರಿಲ್ಲ. ಆಕೆಗಿರುವವರು ಅಪ್ಪ, ಅವ್ವ, ಅಜ್ಜಿ ಮತ್ತು ಶಾಲೆಯ ಅಕ್ಕೋರು. ಆಕೆ ಕೇಳುವುದೂ ರಾಜ್ಯವನ್ನಲ್ಲ. ಕಿಟಕಿಯ ಬಳಿಯಲ್ಲಿ ಒಂದು ಮೂಲೆ, ಒಂದಿಷ್ಟು ಕಾಗದ, ಅಗ್ಗದ ಬಣ್ಣದ ಒಂದು ಡಬ್ಬಿ, ಮತ್ತು ಯಾರೂ ಕೆಲಸಕ್ಕೆ ಕರೆಯದ ವಾರದ ಒಂದು ತಾಸು. ಇಷ್ಟನ್ನು ಕೊಟ್ಟು, ಆಕೆ ಬರೆದುದನ್ನು ತಂದು ತೋರಿಸಿದಾಗ, ಅಡಿಗೆಯ ಒಲೆಯನ್ನು ಒಂದು ಗಳಿಗೆ ಸಣ್ಣಗೆ ಮಾಡಿಯಾದರೂ ಅದನ್ನು ನಿಧಾನವಾಗಿ ನೋಡಬೇಕೆಂದು ತಾಯಿತಂದೆಗಳಲ್ಲಿ ನಮ್ಮ ಬಿನ್ನಹ.